ಎದುರು ದಿಕ್ಕಿಗೆ ವಾಲಿದ ಕಾಂತ

ಜೂನ್ ೯, ಭಾನುವಾರ

ಪ್ರೀತಿಯ ‘ರೀ’ ಅವರಿಗೆ,

ನಾವಿಲ್ಲಿ ಕ್ಷೇಮ. ಸೇತುವೆ ಕೆಲಸದ ಧೂಳಿನಲ್ಲಿ ನಿಮ್ಮ ಕೆಮ್ಮು ಹೇಗಿದೆ? ಪತ್ರ ತಡವಾಯಿತು, ಮುನಿಸಿಕೊಳ್ಳಬೇಡಿ. ನಿಮ್ಮ ‘ಸವತಿ’ ಬಿಡಲಿಲ್ಲ. ನನ್ನ ಪ್ರಯೋಗಾಲಯಕ್ಕೆ ಆ ಹೆಸರಿಟ್ಟವರು ನೀವೇ ತಾನೆ?

ಇಷ್ಟು ದಿನ ಅಳೆಯುತ್ತಿದ್ದುದು ಕಣ್ಣಿಗೆ ಕಾಣದ ಒಂದು ತಳ್ಳುವಿಕೆಯನ್ನು. ಕೆಳಗೆ ಪ್ಲಾಟಿನಂ, ಅದರ ಮೇಲೆ ಕೋಬಾಲ್ಟ್, ಮುಚ್ಚಳದಂತೆ ಆಕ್ಸೈಡು. ಎಲ್ಲ ಸೇರಿದರೂ ಸೋಪಿನ ಗುಳ್ಳೆಯ ಪೊರೆಗಿಂತ ತೆಳು. ವಿದ್ಯುತ್ ಹರಿಸಿದರೆ ಪ್ಲಾಟಿನಂನ ಎಲೆಕ್ಟ್ರಾನುಗಳು ತಮ್ಮ ಸ್ಪಿನ್ ನೋಡಿಕೊಂಡು ಎರಡು ಗುಂಪಾಗುತ್ತವೆ. ಬುಗುರಿಗಳು ಬಲಕ್ಕೂ ಎಡಕ್ಕೂ ತಿರುಗುವುದಿಲ್ಲವೇ, ಹಾಗೆ. ಒಂದು ಗುಂಪು ಮೇಲೇರಿ ಕೋಬಾಲ್ಟಿನ ಕಾಂತವನ್ನು ತುಸುವೇ ವಾಲಿಸುತ್ತದೆ, ಮಲಗಿದವರು ನಿದ್ದೆಯಲ್ಲೇ ಮಗ್ಗುಲಾದಂತೆ.

ಮೊನ್ನೆ ಅದು ಎದುರು ದಿಕ್ಕಿಗೆ ವಾಲಿತು.

“ತಂತಿ ಉಲ್ಟಾ ಕೊಟ್ಟಿದ್ದೀರ ನೋಡಿ,” ಎಂದರು ನಮ್ಮ ಮೇಷ್ಟ್ರು. ಬಿಚ್ಚಿ ಮತ್ತೆ ಜೋಡಿಸಿದೆ. ಮತ್ತೆ ಅದೇ. “ಹಾಗಾದ್ರೆ ಕಾಂತಕ್ಕೇ ತಲೆ ಕೆಟ್ಟಿದೆ!” ಎಂದು ನಕ್ಕರು. ಅದೇ ಪದರಗಳ ಹೊಸ ತುಣುಕು ಮಾಡಿ, ಮುಚ್ಚಳ ಹಾಕುವಾಗ ಆಮ್ಲಜನಕ ಕಡಿಮೆ ಬಿಟ್ಟೆ; ಕಾಂತ ದಾರಿಗೆ ಬಂತು. ಇನ್ನೊಂದರಲ್ಲಿ ಹೆಚ್ಚಿಸಿದೆ, ತಿರುಗಿಬಿತ್ತು. ಆಮ್ಲಜನಕ ಮೆಲ್ಲಗೆ ಲೋಹದೊಳಕ್ಕೆ ಇಳಿದು ತಳ್ಳುವ ದಿಕ್ಕನ್ನೇ ಬದಲಿಸುತ್ತಿತ್ತು. ಮೇಷ್ಟ್ರು ಕನ್ನಡಕ ತೆಗೆದು, ಪರದೆಗೆ ಮೂಗು ತಾಗಿಸಿ ನೋಡಿದರು. “ಇದು ತಪ್ಪಲ್ಲಮ್ಮಾ. ಇದೇ ಫಲಿತಾಂಶ.”

ಮನೆಗೆ ನಡೆದೇ ಬಂದೆ. ಕಿಟಕಿಗಳು, ಸೈಕಲ್ ಗಂಟೆ, ಮಹಡಿಯ ಮೇಲೆ ಹಾರಾಡುವ ಒಗೆದ ಬಟ್ಟೆ, ಎಲ್ಲ ನೀರಿನಡಿಯಿಂದ ಕಂಡಂತೆ. ಕಾಲು ನೆಲಕ್ಕೆ ತಾಗುತ್ತಿರಲಿಲ್ಲ ರೀ.

ಅತ್ತೆಗೆ ಎಲ್ಲ ವಿವರಿಸಿದೆ. “ಬರೀ ಗಾಳಿಗೆ ಅಷ್ಟು ಶಕ್ತೀನಾ?” ಎಂದು ಬೆರಗಾಗಿ ನನ್ನ ತಲೆ ಸವರಿದರು. ನೂರ್ಕಾಲ ಚೆನ್ನಾಗಿರಲಿ, ಮೊದಲು ಔಷಧಿ ಕುಡಿಯಲಿ ಎಂದು ನಿಮಗೂ ಆಶೀರ್ವಾದ ಕಳಿಸಿದ್ದಾರೆ.

ನಿಮ್ಮ
ಇವಳು

ತಾ.ಕ.: ಹೊಸದಾಗಿ ಸೇರಿದ ಸಹೋದ್ಯೋಗಿ ಊಟದ ಹೊತ್ತಿನಲ್ಲಿ, “ನಿಮಗೆ ಎಷ್ಟು ಮಕ್ಕಳು ಅಕ್ಕಾ?” ಎಂದಳು. ನಮ್ಮ ಪುಟ್ಟಿ ತೀರಿಕೊಂಡ ಮೇಲೆ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. “ಒಬ್ಬಳು,” ಎಂದುಬಿಟ್ಟೆ. “ಯಾವ ಕ್ಲಾಸು?” ಎಂದಳು. “ಈ ವರ್ಷ ಸ್ಕೂಲಿಗೆ ಸೇರಿಸ್ಬೇಕು,” ಎಂದೆ. ಸುಳ್ಳು ಹೇಳಿದಂತೆ ಅನ್ನಿಸಲೇ ಇಲ್ಲ ರೀ. ಅಲ್ಲಿ ನಿಮ್ಮನ್ನು ಯಾರಾದರೂ ಕೇಳಿದರೆ, ನೀವೂ “ಒಬ್ಬಳು” ಅನ್ನಿ.