ದೊಡ್ಡಮ್ಮನ ಬೆರಳ ತುದಿ

ಮಾರ್ಚ್ ೧೨, ಮಂಗಳವಾರ

ದೊಡ್ಡಮ್ಮನ ಕ್ಯಾನ್ಸರಿಗೆ ಯಾವ ಔಷಧಿ ಎಂಬುದು ಇವತ್ತು ತೀರ್ಮಾನವಾಯಿತು. ನಾನು ಹೇಳಿದ್ದಲ್ಲ.

ಕ್ಯಾನ್ಸರ್ ವೈದ್ಯರ ಸಂಘದ ಸಮ್ಮೇಳನವನ್ನು ಫೋನಿನಲ್ಲಿ ಮ್ಯಾಚ್ ನೋಡಿದ ಹಾಗೆ ನೋಡುವವಳು ನಾನು. ಅಲ್ಲಿ ಚಪ್ಪಾಳೆ ಗಿಟ್ಟಿಸಿದ ಔಷಧಿಯನ್ನೇ ಕೊಡಿ ಎಂದು ಡಾಕ್ಟರ ಮುಂದೆ ಪಟ್ಟು ಹಿಡಿದೆ. ಕ್ಯಾನ್ಸರ್ ರೋಗಿಗಳ ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರೂ ಅದಕ್ಕೇ ಜೈ ಅಂದಿದ್ದರು.

"ಇವರಿಗೆ ಅದೂ ಇನ್ನೊಂದೂ, ಎರಡು ಔಷಧೀನೂ ಒಂದೇ ಥರ ಕೆಲಸ ಮಾಡ್ತವೆ. ಹಾಗಿದ್ದಾಗ ರೋಗೀನ ಕೇಳಿ ಆರಿಸಿ ಅಂತ ನಮ್ಮ ಸಂಘದ ಮಾರ್ಗಸೂಚೀಲೇ ಇದೆಯಲ್ಲಮ್ಮ, ಓದಿಲ್ವಾ?" ಎಂದವರೇ ಡಾಕ್ಟರು ದೊಡ್ಡಮ್ಮನ ಕಡೆ ತಿರುಗಿದರು. "ಏನ್ ಕೆಲಸ ಮಾಡ್ತೀರಿ?"

"ಟೈಲರ್, ಡಾಕ್ಟ್ರೇ. ಗುಂಡಿ ಕಾಜಾ ಎಲ್ಲಾ ಕೈಯಲ್ಲೇ ಹೊಲೀತೀನಿ."

ನಾನು ಕೇಳಿದ ಔಷಧಿಯಿಂದ ಬೆರಳ ತುದಿ ಜೋಮು ಹಿಡಿಯುತ್ತದಂತೆ. ಕೆಲವರಿಗೆ ಅದು ಹೋಗುವುದೇ ಇಲ್ಲವಂತೆ. ಇನ್ನೊಂದನ್ನು ಬರೆದರು.

ಮಾರ್ಗಸೂಚಿಯನ್ನು ಓದಿದ್ದೆ. ರೋಗಿಯನ್ನು ಕೇಳಿ ಎಂಬ ಆ ಸಾಲನ್ನು ಹಾರಿಸಿ ಅಂಕಿಅಂಶಕ್ಕೆ ಓಡಿದ್ದೆ.

ಬಸ್ಸಿನಲ್ಲಿ ದೊಡ್ಡಮ್ಮ, "ಮುಖ ಕಾಣದ ಸಂಘದೋರು ನನ್ನ ಬೆರಳು ನೆನೆಸ್ಕೊಂಡ್ರು. ನೀನು ಹಾಕ್ಕೊಂಡಿರೋ ಅಂಗಿ ಯಾರೇ ಹೊಲಿದಿದ್ದು?" ಎಂದು ನಕ್ಕಳು.

ಪಕ್ಕದ ಕೋಣೆಯಲ್ಲಿ ಮಿಷನ್ನಿನ ಸದ್ದು ನಿಂತಿದೆ. ಈಗ ಕಾಜಾ ಹೊಲಿಯುತ್ತಿರಬೇಕು. ಹೋಗಿ ಸೂಜಿಗೆ ದಾರ ಪೋಣಿಸಿಕೊಡಲಾ ಅನಿಸಿತು. ಬೇಡ, ಅದು ಅವಳ ಬೆರಳಿನ ಕೆಲಸ.

ಏನಾಯ್ತು ಅಂತ ಗ್ರೂಪಿನವರು ಕೇಳುತ್ತಲೇ ಇದ್ದಾರೆ. ಅವರಿಗೆ ನಾಳೆ ನಾನು ಹಾರಿಸಿದ ಆ ಸಾಲನ್ನೇ ಬರೆದು ಕಳಿಸುತ್ತೇನೆ.