ಮೊಗಮಸಿ ಇಲ್ಲದ ಮದುಮಗಳು

ತಿಪಟೂರು
ಎರಡನೆಯ ನೀರೆಣಿಕೆಯ ನಲವತ್ತೊಂದನೆಯ ವರ್ಷ, ಹದಿಮೂರನೆಯ ತಿಂಗಳು

ಸಿಂಚನಜ್ಜಿಗೆ, ನಿನ್ನ ಮರಿಮಗಳ ಮೊಮ್ಮಗಳು ಕುಮುದಿನಿಯ ನಮಸ್ಕಾರಗಳು.

ಮೇಲಿನ ತಾರೀಖು ನಿನ್ನ ಕ್ಯಾಲೆಂಡರಿನಲ್ಲಿ ಸಿಗದು. ಊರಿನ ಕೆರೆ ಎರಡನೆಯ ಸಲ ಬತ್ತಿದ ವರ್ಷದಿಂದ ನಾವು ಎಣಿಸುತ್ತೇವೆ, ಅದೇ ನೀರೆಣಿಕೆ. ನಿನಗೆ ತಿಳಿಯದ ಪದಗಳು ಬಂದರೆ ಕ್ಷಮಿಸು. ಅಜ್ಜಿ ಎಂದು ಕರೆಯುವುದಕ್ಕೂ ಕ್ಷಮಿಸು, ನಾನು ನೋಡಿರುವ ನೀನು ನನಗಿಂತ ಚಿಕ್ಕವಳು. ಆದರೆ ಹೊಟ್ಟೆಕಿಚ್ಚಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ. ನಿನ್ನನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ಮನೆಯಲ್ಲಿ ಉಳಿದಿರುವುದು ನಿನ್ನ ಒಂದೇ ವಿಡಿಯೊ. ಮೆಹಂದಿ ಹಚ್ಚಿದ ಕೈಯಲ್ಲಿ ಟ್ಯೂಬ್ ಹಿಂಡಿ, ಕಪ್ಪು ಲೇಪವನ್ನು ಹಣೆ, ಮೂಗು, ಗಲ್ಲಕ್ಕೆಲ್ಲ ಬಳಿದುಕೊಳ್ಳುತ್ತೀಯ. ಇದು ಆಕ್ಟಿವೇಟೆಡ್ ಚಾರ್ಕೋಲ್, ಕೊಳೆಯನ್ನೆಲ್ಲ ಎಳೆದು ತೆಗೆಯುತ್ತದೆ ಎನ್ನುತ್ತೀಯ. ಒಣಗಿದ ಮೇಲೆ ಸಿಪ್ಪೆಯಂತೆ ಸುಲಿಯುತ್ತೀಯ. ಕಣ್ಣಲ್ಲಿ ದಳದಳ ನೀರು. ಆಮೇಲೆ ನಲ್ಲಿಯನ್ನು ಪೂರ್ತಿ ತಿರುಗಿಸಿ, ಮಧ್ಯೆ ಒಮ್ಮೆಯೂ ನಿಲ್ಲಿಸದೆ ಮುಖ ತೊಳೆಯುತ್ತೀಯ. ಆ ನಲ್ಲಿಯ ಸದ್ದು ಬಂದಾಗ ನಾನು ಕಿವಿ ಮುಚ್ಚಿಕೊಳ್ಳುತ್ತೇನೆ.

ಇಲ್ಲಿ ಇದ್ದಿಲಿದ್ದರೆ ಮಾತ್ರ ನೀರು, ತಾಯಿ. ಬೋರಿನಲ್ಲಿ ಬರುವುದು ಹಳದಿ ನೀರು, ಬಾಯಿಗಿಟ್ಟರೆ ಔಷಧಿಯ ಕಮಟು. ಕುಡಿಯಬೇಕಾದರೆ ಅದನ್ನು ಇದ್ದಿಲಿನ ಕೊಡದಲ್ಲಿ ಸೋಸಿ ಇಳಿಸಬೇಕು. ಸೌದೆ ಸುಡುವಂತಿಲ್ಲ. ಅಲ್ಲೊಂದು ಇಲ್ಲೊಂದು ಉಳಿದ ತೆಂಗಿನಮರಗಳ ಕರಟವನ್ನು ಸುಟ್ಟು, ಹಬೆ ಕೊಟ್ಟು ಚುರುಕು ಮಾಡಿ, ವರ್ಷಕ್ಕೊಮ್ಮೆ ಮನೆಗೊಂದು ಗಟ್ಟಿ ಹಂಚುತ್ತಾರೆ. ಅದಕ್ಕೆ ಕರಿಪಾಲು ಎನ್ನುತ್ತೇವೆ. ಹಬೆ ಕೊಡುವ ಕೆಲಸ ನನ್ನದೇ. ದಿನವಿಡೀ ಇದ್ದಿಲಿನ ಮಧ್ಯೆಯೇ ಇರುತ್ತೇನೆ, ಆದರೆ ಮನೆಗೆ ಹೊರಡುವಾಗ ಉಗುರಿನ ಸಂದಿಯ ಪುಡಿಯನ್ನೂ ಬಾಗಿಲಲ್ಲೇ ಉದುರಿಸಿ ಬರಬೇಕು. ಅಂಥದ್ದನ್ನು ನೀನು ಮೂಗಿನ ಮೇಲಿನ ಕಪ್ಪು ಚುಕ್ಕೆಗೆ ಹಚ್ಚಿಕೊಂಡೆಯಲ್ಲ, ಎಂಥ ಪುಣ್ಯವಂತೆ ನೀನು!

ಇನ್ನು ನಿನ್ನಿಂದಾದ ರಗಳೆ ಕೇಳು. ಕೈಯಲ್ಲಿ ಮೆಹಂದಿ, ಕಣ್ಣಲ್ಲಿ ನೀರು. ನಮ್ಮ ಹಿರಿಯರು ಅದನ್ನು ನೋಡಿ, ಪಾಪ, ಮದುಮಗಳು ತವರು ಬಿಡುವ ಸಂಕಟಕ್ಕೆ ಅಳುತ್ತಿದ್ದಾಳೆ ಎಂದುಕೊಂಡರು. ಅಂದಿನಿಂದ ನಮ್ಮ ಮನೆತನದಲ್ಲಿ ಅದೊಂದು ಶಾಸ್ತ್ರ, ಹೆಸರು ಮೊಗಮಸಿ. ಧಾರೆಯ ಹಿಂದಿನ ದಿನ ಕರಿಪಾಲಿನ ಅರ್ಧವನ್ನು ಅರೆದು, ಅಂಟು ಕಲಸಿ ಮದುಮಗಳ ಮುಖಕ್ಕೆ ಮೆತ್ತುತ್ತಾರೆ. ಒಣಗಿದ ಮೇಲೆ ಅವಳೇ ಸುಲಿಯಬೇಕು, ಸುಲಿಯುವಾಗ ಅಳಬೇಕು. ಅಳದವಳಿಗೆ ತವರಿನ ಮೇಲೆ ಮಾಯೆ ಇಲ್ಲವೆಂದು ಬೀಗರು ಆಡಿಕೊಳ್ಳುತ್ತಾರೆ. ಒಳಗಿನಿಂದ ಕೆಂಪಗೆ ಹೊಳೆಯುತ್ತಾ ಬರುವ ಆ ಮುಖವನ್ನು ನೋಡಲು ಕೇರಿಗೆ ಕೇರಿಯೇ ಸೇರುತ್ತದೆ. ಅಂಟು ಸೇರಿದ ಇದ್ದಿಲು ಮತ್ತೆ ಕೊಡಕ್ಕೆ ಬಾರದು. ಮದುವೆಯಾದ ಮೇಲೆ ಮನೆಮಂದಿಯೆಲ್ಲ ತಿಂಗಳುಗಟ್ಟಲೆ ಹಳದಿ ನೀರು ಕುಡಿಯುತ್ತಾರೆ.

ಅಕ್ಕ ಶಾಲ್ಮಲಿಯ ಮದುವೆಗೆ ಹಾಗೆ ಕುಡಿದವಳು ನಾನು. ಅವಳ ಹೊಳೆಯುವ ಕೆನ್ನೆಯನ್ನು ನೋಡುತ್ತಾ, ಮೂಗು ಹಿಡಿದುಕೊಂಡು ಕುಡಿದೆ. ನನಗೂ ಒಂದು ದಿನ ಬರುತ್ತದೆ ಎಂದುಕೊಂಡೇ ನುಂಗಿದೆ.

ಆ ದಿನ ನಾಳೆ. ಅಕ್ಕನೋ ಚೊಚ್ಚಲ ಹೆರಿಗೆಗೆ ಮನೆಗೆ ಬಂದಿದ್ದಾಳೆ. ಕೈಕಾಲು ಊದಿಕೊಂಡಿವೆ. ಇಳಿಸಿದ ನೀರು ಬಿಟ್ಟು ಬೇರೆ ತೊಟ್ಟು ಕುಡಿದರೂ ಮಗುವಿಗೆ ಅಪಾಯ ಎಂದು ಡಾಕ್ಟರಮ್ಮ ಖಂಡಿತವಾಗಿ ಹೇಳಿದ್ದಾರೆ. ಗಟ್ಟಿಯಲ್ಲಿ ಅರ್ಧ ನನ್ನ ಮುಖಕ್ಕೆ ಹೋದರೆ ಉಳಿದದ್ದು ಅವಳ ಹೆರಿಗೆಯ ತನಕ ಬರುವುದಿಲ್ಲ. ಅಮ್ಮ ಅರೆಯುವ ಕಲ್ಲನ್ನು ತೊಳೆದಿಟ್ಟು, ನನ್ನ ಮುಖ ನೋಡದೆ, "ಮದ್ವೆ ನಿಂದು ಕಣವ್ವ. ಏನ್ ಮಾಡ್ಬೇಕು ನೀನೇ ಹೇಳು" ಅಂದಳು.

ನಾನು ದೊಡ್ಡ ಮನಸ್ಸಿನವಳಲ್ಲ ಅಜ್ಜಿ. ಅಕ್ಕನಿಗೆ ಮುಖವೂ ಹೊಳೆಯಿತು, ಈಗ ನೀರೂ ಅವಳಿಗೇ ಎಂದು ಮಧ್ಯಾಹ್ನವಿಡೀ ಒಳಗೊಳಗೇ ಕುದಿದೆ. ಅವಳಿಗದು ತಿಳಿಯಿತೋ ಏನೋ, ಹೊಟ್ಟೆ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತಳು. ಯಾರಿಗೂ ಹೇಳದ ಮಾತೊಂದನ್ನು ಹೇಳಿದಳು.

"ತವರಿಗೆ ಅಂತ ಯಾರ್ ಅಳ್ತಾರೆ? ಮುಖದ ಕೂದ್ಲೆಲ್ಲ ಕಿತ್ಕಂಡು ಬಂತು ಕಣೆ, ಉರಿಗೆ ಕಣ್ಣಲ್ಲಿ ನೀರು ಬಂತು. ಎಲ್ರಿಗೂ ಅಷ್ಟೆ."

ಅಂದರೆ ನಿನಗೂ ಅಷ್ಟೇ, ಅಲ್ಲವೇ? ಗೆಳತಿಯ ಮದುವೆಗೆಂದು ಮೆಹಂದಿ ಹಚ್ಚಿಕೊಂಡಿದ್ದೆಯೋ ಏನೋ. ನಿನ್ನ ಒಂದು ಹೊತ್ತಿನ ಉರಿಯನ್ನು ನಾವು ಇಷ್ಟು ತಲೆಮಾರು ಹೊತ್ತುಕೊಂಡು ಬಂದೆವು. ನಗು ಬಂತು. ಆದರೂ ಆ ಉರಿಯಾದರೂ ನನಗೆ ಸಿಗುವುದಿಲ್ಲವಲ್ಲ ಎಂದು ಮತ್ತೆ ಹೊಟ್ಟೆಕಿಚ್ಚಾಯಿತು.

ಎದ್ದು ಹೋಗಿ ಗಟ್ಟಿಯನ್ನು ಪೂರ್ತಿ ನಾನೇ ಕುಟ್ಟಿ ಕೊಡಕ್ಕೆ ತುಂಬಿದೆ. ಅಕ್ಕ ಮೊದಲ ಲೋಟ ಕುಡಿಯುವಾಗ ಅಮ್ಮ ನನ್ನ ತಲೆ ಸವರಿದಳು. ಆ ಕೈ ನಾಡಿದ್ದಿನಿಂದ ನನಗೆ ಸಿಗುವುದಿಲ್ಲ ಎನ್ನುವುದು ಆಗ ಹೊಳೆಯಿತು. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡೆ.

ನಾಳೆ ಬರಿಯ ಮುಖದಲ್ಲಿ ಕೂರುತ್ತೇನೆ. ಬೀಗರು ಏನಾದರೂ ಅಂದುಕೊಳ್ಳಲಿ. ನಿನ್ನಿಂದ ಅಕ್ಕನವರೆಗೆ ಈ ಮನೆಯ ಹೆಣ್ಣುಮಕ್ಕಳೆಲ್ಲ ಮುಖ ಉರಿದು ಅತ್ತರು. ತವರಿಗೆಂದೇ ಅತ್ತವಳು ನಾನೊಬ್ಬಳೇ. ಇದೊಂದಕ್ಕಾದರೂ ನೀನು ನನ್ನನ್ನು ನೋಡಿ ಹೊಟ್ಟೆ ಉರಿದುಕೋ, ಅಜ್ಜಿ.

ನಿನ್ನ
ಕುಮುದಿನಿ