ಗಾಜಿನ ಮೇಲೆ ಅಂಗೈ

ಅಜ್ಜ,

ಯುದ್ಧವನ್ನು ಪೂಜಿಸುವ ಮುದುಕ ಎಂದು ನೆಂಟರೆಲ್ಲರ ಎದುರು ನಿಮ್ಮನ್ನು ಹಳಿದೆ. ಅದು ತಪ್ಪು, ನನ್ನದೇ ತಪ್ಪು. ನೀವು ತೀರಿಕೊಂಡು ಎರಡು ತಿಂಗಳಾದ ಮೇಲೆ ಒಪ್ಪಿಕೊಳ್ಳುತ್ತಿದ್ದೇನೆ.

ವಿಮಾನ ಹೋದಾಗಲೆಲ್ಲ ಊಟದಿಂದೆದ್ದು ಕಿಟಕಿಯ ಗಾಜಿಗೆ ಅಂಗೈ ಒತ್ತುತ್ತಿದ್ದಿರಿ. ಬಾಂಬು ಹಾಕುವ ಯಂತ್ರಕ್ಕೂ ನಮಸ್ಕಾರವೇ ಎಂದು ನನಗೆ ಮೈ ಉರಿಯುತ್ತಿತ್ತು. ಯುದ್ಧವಿರೋಧಿ ಕರಪತ್ರಗಳಲ್ಲಿ ಓದಿದ್ದನ್ನೆಲ್ಲ ನಿಮ್ಮ ಮೇಲೆ ಸುರಿದೆ. ನೀವು ಸುಮ್ಮನೆ ನಕ್ಕಿರಿ.

ಈಗ ತಾನೆ, ಯುದ್ಧಕಾಲದಲ್ಲಿ ವಿಮಾನ ಕಾಯುವ ಕಾವಲಿನಲ್ಲಿ ನಿಮ್ಮ ಜೊತೆಗಾರರಾಗಿದ್ದ ಸೈರನ್ ತಾತ ಬಂದು ಹೋದರು. ಅವರು ಹೇಳಿದ್ದನ್ನು ಹಾಗೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡಿ!

"ಮೊದಲನೇ ದಾಳೀಲೇ ನಿಮ್ಮಜ್ಜನ ಕಿವಿ ಹೋಗಿತ್ತು ಕಣಮ್ಮ. ಕಾವಲಿಂದ ತೆಗೀತಾರೆ ಅಂತ ಮುಚ್ಚಿಟ್ಟ. ನೀರಿನ ಟ್ಯಾಂಕ್ ಮೇಲಿನ ಕಾವಲು ಗೂಡಲ್ಲಿ ಗಾಜಿಗೆ ಕೈಯಿಟ್ಟು, ಅದು ನಡುಗೋದರಲ್ಲೇ ವಿಮಾನ ನಮ್ಮದೋ ಅವರದೋ ಹೇಳೋನು. ಒಂದಿನ ಮೋಡ ಕವಿದು ಏನೂ ಕಾಣ್ತಿರಲಿಲ್ಲ. ಫೋನಲ್ಲಿ ಅಪ್ಪಣೆ ಬರೋ ಮುಂಚೇನೇ 'ಸೈರನ್ ತಿರುಗಿಸೋ ದಡ್ಡ!' ಅಂತ ಬೆನ್ನಿಗೆ ಗುದ್ದಿದ. ತಿರುಗಿಸಿದೆ. ಎದುರಿನ ಮಿಲ್ಲಿಂದ ಮುನ್ನೂರು ಜನ ಓಡಿ ಕಂದಕಕ್ಕಿಳಿದ್ರು. ಹಿಂದೇನೇ ಬಾಂಬು ಬಿದ್ದು ಮಿಲ್ಲು ಕುಸೀತು."

ಮುನ್ನೂರು ಕೂಲಿಗಾರರು, ಅಜ್ಜ! ನಾವೋ, ವಯಸ್ಸಿನ ಕಿವುಡು ಎಂದುಕೊಂಡಿದ್ದೆವು.

"ಹಾಗಾದ್ರೆ ನಾನು ಬೈದಿದ್ದು ಅವರಿಗೆ ಕೇಳಿಸಲೇ ಇಲ್ವಾ ತಾತ?" ಎಂದು ಆಸೆಯಿಂದ ಕೇಳಿದೆ.

"ಅವನು ನಿನ್ನ ತುಟಿ ಓದ್ತಿದ್ದನಲ್ಲಮ್ಮ" ಎಂದರು.

ಆ ಗೂಡು ಇನ್ನೂ ಇದೆಯಂತೆ, ಒಂದು ಗಾಜೂ ಉಳಿದಿದೆಯಂತೆ. ತಾತ ಕೀಲಿ ಕೊಡಿಸುತ್ತಾರೆ. ವಾರಕ್ಕೊಮ್ಮೆ ಬರುವ ವಿಮಾನ ಅದರ ಮೇಲೇ ಹಾದುಹೋಗುತ್ತದೆ. ಅಂಗೈಯಲ್ಲಿ ಕೇಳುವುದನ್ನು ನಾನೂ ಕಲಿಯಬೇಕು. ಬರುವ ಭಾನುವಾರ ಸಂಜೆ ನಾಲ್ಕಕ್ಕೆ, ಟ್ಯಾಂಕಿನ ಮೆಟ್ಟಿಲ ಬಳಿ ನಿಮಗಾಗಿ ಕಾಯುತ್ತಿರುತ್ತೇನೆ.